ಹೋಗದವರಿಗೆ ಬೀಳ್ಕೊಡುಗೆ

ಶ್ಯಾಮಸುಂದರ್ ಅಮೆರಿಕದಲ್ಲಿ ಇದ್ದದ್ದು ಒಟ್ಟು ಹನ್ನೊಂದು ದಿನ. ಅದರಲ್ಲಿ ಎರಡು ದಿನ ಜ್ವರ. ಉಳಿದ ಒಂಬತ್ತು ದಿನಗಳನ್ನು ಕುವೈತಿನ ಫಿಂಟಾಸ್ ಬಡಾವಣೆಯ ಕನ್ನಡದವರು ಏಳು ತಿಂಗಳಿಂದ ಅನುಭವಿಸುತ್ತಿದ್ದರು, ಪಾಪ.

ಮನುಷ್ಯ ಕೆಟ್ಟವರಲ್ಲ. ಮೈಸೂರಿನವರು, ವಯಸ್ಸು ನಲವತ್ತೊಂಬತ್ತು, ಕುವೈತಿನ ನೀರು ಶುದ್ಧೀಕರಣದ ಒಂದು ಗುತ್ತಿಗೆ ಕಂಪನಿಯಲ್ಲಿ ಪಂಪುಗಳ ಸೂಪರ್‌ವೈಸರ್. ಹೊಸ ಪಂಪಿನ ತರಬೇತಿಗೆಂದು ಕಂಪನಿ ಅವರನ್ನು ಒಹಾಯೋದ ಹಾಲ್ಬರ್ಗ್ ಎಂಬ ಊರಿಗೆ ಕಳಿಸಿತ್ತು. ಅಮೆರಿಕಕ್ಕೆ ಹೋದವರು ನ್ಯೂಯಾರ್ಕ್ ನೋಡುತ್ತಾರೆ, ಜಲಪಾತ ನೋಡುತ್ತಾರೆ, ಫೋಟೋ ತೋರಿಸಿ ಸುಮ್ಮನಾಗುತ್ತಾರೆ. ಇವರು ನೋಡಿದ್ದು ಹಾಲ್ಬರ್ಗ್ ಮಾತ್ರ. ಅಲ್ಲಿ ಫೋಟೋ ತೆಗೆಯುವಂಥದ್ದು ಏನೂ ಇರಲಿಲ್ಲವಾದ್ದರಿಂದ ಎಲ್ಲವನ್ನೂ ಬಾಯಲ್ಲೇ ಹೇಳಬೇಕಾಗಿ ಬಂತು.

ಜನಸಂಖ್ಯೆ ಎರಡು ಸಾವಿರದ ಒಂಬೈನೂರ ನಲವತ್ತು ಎಂದು ಊರು ಶುರುವಾಗುವಲ್ಲೇ ಬೋರ್ಡು. ಒಂದು ಪಂಪ್ ಫ್ಯಾಕ್ಟರಿ, ಮೂರು ಚರ್ಚು, ಒಂದು ಟ್ರಾಫಿಕ್ ಲೈಟು, ಒಂದು ಹೋಟೆಲು. ಬೆಳಿಗ್ಗೆ ಹೋಟೆಲಿನಲ್ಲಿ ಕಾಫಿ ಕೊಡುವ ಜಾನಿಸ್ ಎಂಬ ಹೆಂಗಸೇ ಮಧ್ಯಾಹ್ನ ಪಟ್ಟಣದ ಆಫೀಸಿನಲ್ಲಿ ಕೂತು ನೀರಿನ ಬಿಲ್ಲು ಕಟ್ಟಿಸಿಕೊಳ್ಳುತ್ತಾಳೆ. ಪಂಪಿನ ಪಾಠ ಹೇಳುವ ಹೆನ್ರಿ ಎಂಬ ಮುದುಕ ಊರಿನ ಅಗ್ನಿಶಾಮಕ ದಳದಲ್ಲೂ ಇದ್ದಾನೆ. ಸೈರನ್ ಕೂಗಿತೋ, ಸ್ಪ್ಯಾನರ್ ಕೆಳಗಿಟ್ಟು ಓಡುತ್ತಾನೆ, ಕಲಿಯಲು ಬಂದವರು ಬಿಚ್ಚಿದ ಪಂಪಿನ ಮುಂದೆ ಕೈಕಟ್ಟಿ ಕೂತಿರಬೇಕು. ರಾತ್ರಿಯೂಟ ಸಂಜೆ ಐದೂವರೆಗೆ. ಕಾರಿನಲ್ಲಿ ಎದುರಾದವರು ಗುರುತಿರಲಿ ಇಲ್ಲದಿರಲಿ, ಸ್ಟಿಯರಿಂಗಿನ ಮೇಲಿಂದಲೇ ಎರಡು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ.

ಈ ಎರಡು ಬೆರಳನ್ನು ಶ್ಯಾಮಸುಂದರ್ ಕುವೈತಿನ ಫಹಾಹೀಲ್ ರಸ್ತೆಯಲ್ಲೂ ಎತ್ತತೊಡಗಿದರು. ಮೂರನೇ ದಿನ ಪೊಲೀಸ್ ಗಾಡಿಯೊಂದು ಪಕ್ಕಕ್ಕೆ ನಿಲ್ಲಿಸಿ, ಏನಾದರೂ ತೊಂದರೆಯೇ ಎಂದು ಕೇಳಿತು. ಅಂದಿನಿಂದ ಬೆರಳು ಕೆಳಗಿಳಿಯಿತು. ನಾಲಿಗೆ ಇಳಿಯಲಿಲ್ಲ.

"ಅಪ್ಪಾ, ಯೂ ವರ್ ದೇರ್ ಫಾರ್ ಇಲೆವೆನ್ ಡೇಸ್," ಎಂದು ಮಗಳು ನಿಧಿ ನೆನಪಿಸುತ್ತಿದ್ದಳು. ಹದಿಮೂರು ವರ್ಷದ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೆಂಡತಿ ಸ್ಪಂದನಾ ಅದನ್ನೂ ಹೇಳುವುದನ್ನು ಬಿಟ್ಟಿದ್ದರು. ಅವರಿಗೆ ಸುಸ್ತಾಗಿತ್ತು.

ಆಗ ಬಂತು ಸೋಫಾದ ವಿಷಯ.

ಹಳೆಯ ಸೋಫಾ, ಎಡಗಡೆ ಕೂತರೆ ಪಾತಾಳ. ಅದನ್ನು ಸಾಗಿಹಾಕಿ ಎಂದು ಸ್ಪಂದನಾ ಒಂದು ವರ್ಷದಿಂದ ಹೇಳುತ್ತಿದ್ದರು. ಕುವೈತಿನಲ್ಲಿ ಇದಕ್ಕೊಂದು ಪದ್ಧತಿ ಇದೆ. ಮನೆಯ ಹಳೇ ಸಾಮಾನು ಕಟ್ಟಡದ ಹಾರಿಸ್‌ಗೆ, ಅಂದರೆ ಕಾವಲುಗಾರನಿಗೆ, ಸೇರತಕ್ಕದ್ದು. ಅವನೇ ಬಂದು ಹೊತ್ತುಕೊಂಡು ಹೋಗುತ್ತಾನೆ. ಹಾಗೆ ಕೊಡದೆ ಮಾರುವವರು ಒಂದೇ ಜಾತಿ: ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು ಮಾಡಿಸಿಕೊಂಡು ಕಾಯಂ ಊರಿಗೆ ಹೊರಟವರು. ಇದು ಯಾವ ಕಾನೂನಿನಲ್ಲೂ ಬರೆದಿಲ್ಲ, ಆದರೆ ಹನ್ನೆರಡು ವರ್ಷ ಇಲ್ಲಿದ್ದವರಿಗೆ ಗೊತ್ತಿರಬೇಕಾದದ್ದು.

"ಹಾಲ್ಬರ್ಗಿನಲ್ಲಿ ಹೇಗೆ ಗೊತ್ತಾ?" ಎಂದರು ಶ್ಯಾಮಸುಂದರ್.

ಸ್ಪಂದನಾ ಕುಕ್ಕರ್ ಇಟ್ಟು ಬಂದು ಕೂತರು. ಬೇಗ ಮುಗಿಯುವುದಲ್ಲ ಎಂದು ಗೊತ್ತಿತ್ತು.

ಹಾಲ್ಬರ್ಗಿನಲ್ಲಿ ಶನಿವಾರ ಬಂದರೆ ಜನ ಮನೆಯ ಹಳೇ ಸಾಮಾನನ್ನು ಎದುರಿನ ಹುಲ್ಲಿನ ಮೇಲೆ ಹರಡಿ ಮಾರಾಟಕ್ಕೆ ಇಡುತ್ತಾರೆ. ದಾರಿಯಲ್ಲಿ ಹೋಗುವವರು ನಿಲ್ಲುತ್ತಾರೆ, ಮಾತಾಡುತ್ತಾರೆ, ಮಾರಾಟಕ್ಕಿಟ್ಟ ಕುರ್ಚಿಯಲ್ಲೇ ಕೂತು ಶರಬತ್ತು ಕುಡಿಯುತ್ತಾರೆ. ಹೆನ್ರಿ ತೀರಿಕೊಂಡ ಹೆಂಡತಿಯ ಹೊಲಿಗೆ ಮೆಷಿನ್ ಇಟ್ಟಿದ್ದ. ಅದಕ್ಕೆ ಬರೆದ ಬೆಲೆಯಲ್ಲಿ ಹೊಸ ಕಾರು ಬರುತ್ತಿತ್ತು. ಇಷ್ಟಕ್ಕೆ ಯಾರು ತಗೊಳ್ತಾರೆ ಎಂದು ಇವರು ಕೇಳಿದರೆ, ಯಾರೂ ತಗೊಳ್ಳಬಾರದು, ಆದರೆ ಅದನ್ನು ನೋಡಿ ಎಲ್ಲರೂ ನಿಲ್ಲುತ್ತಾರೆ ಎಂದನಂತೆ.

"ನಾವೂ ಹಾಗೇ ಮಾಡೋಣ. ಶನಿವಾರ, ಕೆಳಗೆ ಪಾರ್ಕಿಂಗ್ ಪಕ್ಕ."

"ಸುಮ್ನೆ ಹಾರಿಸ್‌ಗೆ ಕೊಟ್ಬಿಡಿ ಅಂದ್ರೆ," ಎಂದರು ಸ್ಪಂದನಾ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಮಾತು ಅಲ್ಲಿಗೇ ನಿಂತಿತು. ಆ ಕುಕ್ಕರ್ ಎರಡು ನಿಮಿಷ ತಡವಾಗಿ ಕೂಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಣ್ಣಪುಟ್ಟ ಸಾಮಾನು ಇಡಲು ಪೆಟ್ಟಿಗೆ ಬೇಕಿತ್ತು. ಶ್ಯಾಮಸುಂದರ್ ಕೆಳಗಿನ ಬಕಾಲಾಕ್ಕೆ, ಎಂದರೆ ಕಟ್ಟಡದ ಕಿರಾಣಿ ಅಂಗಡಿಗೆ ಹೋದರು. ಅಲ್ಲಿ ಮೊದಲಿನಿಂದಲೂ ಒಬ್ಬರೇ ಭಾಯಿ, ದಕ್ಷಿಣ ಕನ್ನಡದ ಬ್ಯಾರಿ, ಬಿಳಿ ಗಡ್ಡ, ಅರೆತೋಳಿನ ಶರಟು.

"ಭಾಯಿ, ಖಾಲಿ ರಟ್ಟಿನ ಪೆಟ್ಟಿಗೆ ಇದ್ಯಾ? ದೊಡ್ಡದು?"

ಭಾಯಿಯ ಕೈ ಬ್ರೆಡ್ಡಿನ ಮೇಲೆ ನಿಂತಿತು. ಕುವೈತಿನ ಬಕಾಲಾದಲ್ಲಿ ದೊಡ್ಡ ಖಾಲಿ ಪೆಟ್ಟಿಗೆ ಕೇಳುವುದು ಯಾಕೆ ಎಂದು ಯಾರೂ ವಿವರಿಸಬೇಕಾಗಿಲ್ಲ.

"ಸಾರ್, ನೀವೂನಾ?" ಎಂದರು ಮೆಲ್ಲಗೆ. "ಆರು ಉಂಟು. ಒಳ್ಳೆ ದಪ್ಪದ್ದು. ನನಗೆ ಅಂತ ತೆಗೆದಿಟ್ಟದ್ದು. ಪರವಾಗಿಲ್ಲ, ನೀವು ಕೊಂಡೋಗಿ, ನಾನು ಬೇರೆ ನೋಡ್ತೇನೆ."

ಕೇಳುವ ಕಿವಿಯಿದ್ದರೆ ಈ ಮಾತಿನಲ್ಲಿ ಎಲ್ಲವೂ ಇತ್ತು. ಆದರೆ ಶ್ಯಾಮಸುಂದರ್ ಆಗ ಹಾಲ್ಬರ್ಗಿನ ಶರಬತ್ತಿನ ಬಗ್ಗೆ ಹೇಳುತ್ತಿದ್ದರು. ಆರೂ ಪೆಟ್ಟಿಗೆ ಎತ್ತಿಕೊಂಡು, ಕಪ್ಪು ಮಾರ್ಕರಿನಲ್ಲಿ ಎಲ್ಲದರ ಮೇಲೂ ತಮ್ಮ ಹೆಸರು, ಫ್ಲ್ಯಾಟ್ ನಂಬರ್ ಹದಿನಾಲ್ಕು ಎಂದು ದಪ್ಪಗೆ ಬರೆದರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಪಾರ್ಕಿಂಗ್ ಪಕ್ಕದ ಮರಳಿನಲ್ಲಿ ಸೋಫಾ, ಬಟ್ಟೆ ಒಣಗಿಸಲು ಬಳಸುತ್ತಿದ್ದ ಟ್ರೆಡ್‌ಮಿಲ್, ಮುಚ್ಚಳವಿಲ್ಲದ ರೈಸ್ ಕುಕ್ಕರ್, ನಿಧಿಯ ಹಳೇ ಸೈಕಲ್, ಒಂದು ಸೂಟ್‌ಕೇಸು. ಆ ಸೂಟ್‌ಕೇಸು ಇಡಬಾರದಿತ್ತು. ಒಂದು ಜಗ್ ನಿಂಬೆ ಶರಬತ್ತು ಇಟ್ಟುಕೊಂಡು ಶ್ಯಾಮಸುಂದರ್ ಸೋಫಾದ ಬಲಗಡೆ ಕೂತು ನಗುಮುಖದಿಂದ ಕಾದರು.

ಜನ ಬಂದರು. ನಿಂತರು. ಆದರೆ ಯಾರೂ ಶರಬತ್ತು ಕುಡಿಯಲಿಲ್ಲ. ಎರಡನೇ ಮಹಡಿಯ ನರ್ಸಮ್ಮ ಸೋಫಾ ನೋಡಿ ಕಣ್ಣೊರೆಸಿಕೊಂಡರು. ಬ್ಯಾಂಕಿನ ಪ್ರೀತಮ್ ವಾಕಿಂಗ್ ಮುಗಿಸಿ ಬರುತ್ತಿದ್ದವನು ಸೂಟ್‌ಕೇಸಿನ ಮುಂದೆ ನಿಂತುಬಿಟ್ಟ. ಈತ ಫಿಂಟಾಸ್ ಕನ್ನಡ ಬಳಗದ ಕಾರ್ಯದರ್ಶಿ, ಹುಟ್ಟುಹಬ್ಬ, ಸೀಮಂತ, ನಿವೃತ್ತಿ ಯಾವುದೇ ಇರಲಿ, ಹಾಲ್ ಬುಕ್ ಮಾಡದಿದ್ದರೆ ನಿದ್ದೆ ಬರದವನು.

"ಸಾರ್," ಎಂದ. "ಒಂದು ಮಾತು ಹೇಳ್ಬಾರ್ದಿತ್ತಾ?"

"ಏನು ಹೇಳೋದು ಮಾರಾಯ, ಸುಮ್ನೆ ಮಾಡಿದ್ದು. ಹಾಲ್ಬರ್ಗಿನಲ್ಲಿ..."

"ನಂಗೆ ಎಲ್ಲ ಅರ್ಥ ಆಗುತ್ತೆ ಸಾರ್. ಈ ವರ್ಷ ಎಲ್ಲಾ ಕಂಪನಿಲೂ ಇದೇ ಕಥೆ," ಎಂದು ಇವರ ಭುಜ ಒತ್ತಿ, ಮಾತು ಮುಗಿಯುವ ಮೊದಲೇ ಹೊರಟುಹೋದ. ಫೋನು ಆಗಲೇ ಕೈಯಲ್ಲಿತ್ತು.

ಕೊನೆಗೆ ಬಂದವನು ಹಾರಿಸ್ ಅಬು ಕರೀಮ್. ಈಜಿಪ್ಟಿನವನು, ಇಪ್ಪತ್ತೆರಡು ವರ್ಷದಿಂದ ಈ ಕಟ್ಟಡದ ಸರ್ವಾಧಿಕಾರಿ. ತನಗೆ ಸೇರಬೇಕಾದ ಸೋಫಾಕ್ಕೆ ಬೆಲೆಚೀಟಿ ಅಂಟಿಸಿದ್ದನ್ನು ನೋಡಿದ, ಪೆಟ್ಟಿಗೆಗಳನ್ನು ಎಣಿಸಿದ, ಸೂಟ್‌ಕೇಸನ್ನು ಕಾಲಿನಿಂದ ಮುಟ್ಟಿ ನೋಡಿದ. "ಯಾ ಶ್ಯಾಮ್, ಖಲಾಸ್?" ಎಂದು ಕೇಳಿದ.

ಮಾರಾಟ ಮುಗಿಯಿತೇ ಎಂದು ಕೇಳುತ್ತಿದ್ದಾನೆಂದುಕೊಂಡರು ಶ್ಯಾಮಸುಂದರ್. ಹನ್ನೆರಡು ಗಂಟೆಯ ಬಿಸಿಲು, ಏನೂ ಹೋಗಿರಲಿಲ್ಲ, ಬೆನ್ನು ನೋಯುತ್ತಿತ್ತು. "ಹೂಂ, ಖಲಾಸ್," ಎಂದು ತಲೆಯಾಡಿಸಿದರು.

ಅಬು ಕರೀಮ್ ಅಲ್ಲಿಂದ ನೇರ ಹೋಗಿ ಹದಿನಾಲ್ಕನೇ ನಂಬರ್ ಫ್ಲ್ಯಾಟ್ ಒಂದನೇ ತಾರೀಖಿಗೆ ಖಾಲಿ ಎಂದು ಗೇಟಿಗೆ ಬೋರ್ಡು ಹಾಕಿದ.

ಆ ಫ್ಲ್ಯಾಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಮೂರನೇ ಮಹಡಿ. ಅಡುಗೆಮನೆಯ ಕಿಟಕಿಯಲ್ಲಿ ಎರಡು ಕಟ್ಟಡಗಳ ನಡುವೆ ಸೀರೆ ಅಂಚಿನಷ್ಟು ಸಮುದ್ರ ಕಾಣುತ್ತದೆ. ಸ್ಪಂದನಾ ಹನ್ನೆರಡು ವರ್ಷದಿಂದ ಬೆಳಗಿನ ಕಾಫಿ ಅಲ್ಲೇ ನಿಂತು ಕುಡಿಯುತ್ತಾ ಬಂದಿದ್ದಾರೆ. ನಿಧಿಯ ಸ್ಕೂಲ್ ಬಸ್ಸು ಗೇಟಿಗೇ ಬರುತ್ತದೆ. ಇವತ್ತು ಅಂಥ ಮನೆ ಬೇಕೆಂದರೆ ಫಿಂಟಾಸಿನಲ್ಲಿ ಸಿಗುವುದಿಲ್ಲ. ಸುಲೈಬಿಯಾದ ಗೋದಾಮುಗಳ ನಡುವೆ ಹುಡುಕಬೇಕು. ಬಿಟ್ಟರೆ ಕೆಟ್ಟರು.

ಮರುದಿನ ಬೆಳಿಗ್ಗೆ ಮೈಸೂರಿನಿಂದ ಅತ್ತೆ ಕಾವೇರಮ್ಮನ ಫೋನು.

"ಅಳಿಯಂದ್ರೇ, ನಾನೇನೂ ಕೇಳಲ್ಲ. ಮೇಲಿನ ರೂಮಿಗೆ ಸುಣ್ಣ ಹೊಡೆಸ್ತಿದೀನಿ."

"ಯಾಕತ್ತೆ?"

"ನೀವೆಲ್ಲ ಬರ್ತಿದ್ದೀರಲ್ಲ."

"ನಾವು ಬರ್ತಿಲ್ಲ. ಕೆಲಸ ಇದೆ. ಯಾರು ಹೇಳಿದ್ದು ನಿಮಗೆ?"

"ಮುಚ್ಚಿಡಬೇಡಿ. ನಿಮ್ಮ ಮಾವನೂ ಹೀಗೇ. ಕೆಲಸ ಹೋದ ಮೇಲೆ ಒಂದು ತಿಂಗಳು ಟಿಫಿನ್ ಡಬ್ಬ ಹಿಡ್ಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಕೂತು ಸಾಯಂಕಾಲ ಮನೆಗೆ ಬರ್ತಿದ್ರು. ಊಟ ಮಾತ್ರ ಹೊತ್ತಿಗೆ ಸರಿಯಾಗಿ ಮಾಡಿ."

ಊಟಕ್ಕೆ ಕೊರತೆಯಾಗಲಿಲ್ಲ. ಮುಂದಿನ ಎಂಟು ದಿನದಲ್ಲಿ ಆರು ಮನೆಯಲ್ಲಿ ಬೀಳ್ಕೊಡುಗೆ ಊಟ. ಎಲ್ಲ ಕಡೆಯೂ ಅದೇ ಬಿಸಿಬೇಳೆಬಾತ್, ಅದೇ ಶ್ಯಾವಿಗೆ ಪಾಯಸ. ನಾವು ಹೋಗುತ್ತಿಲ್ಲ ಎಂದು ಶ್ಯಾಮಸುಂದರ್ ಎಲ್ಲ ಮನೆಯಲ್ಲೂ ಹೇಳಿದರು. ಆದರೆ ಗಲ್ಫಿನಲ್ಲಿ ಕೆಲಸ ಹೋದ ಯಾವನೂ ಹೋಯಿತು ಎಂದು ಹೇಳುವುದಿಲ್ಲ. ಇಲ್ಲ ಎಂದಷ್ಟೂ ಎದುರಿನವರು ಇನ್ನೊಂದು ಸೌಟು ಬಡಿಸಿದರು. ಹೊರಡುವಾಗ ಖರ್ಜೂರ, ಬಾದಾಮಿ, ತಲೆನೋವಿನ ಮುಲಾಮಿನ ಡಬ್ಬಿ. ಜೊತೆಗೆ, "ತಪ್ಪು ತಿಳ್ಕೋಬೇಡಿ, ನಮ್ಮ ತಂಗಿಗೆ ಎರಡೇ ಕೆಜಿ ಇದೆ, ಬೆಂಗಳೂರಲ್ಲಿ ಅವಳೇ ಬಂದು ತಗೊಳ್ತಾಳೆ" ಎಂದು ಒಂದೊಂದು ಪೊಟ್ಟಣ. ಮಾರಾಟವಾಗದೆ ಮನೆಗೆ ವಾಪಸಾಗಿದ್ದ ಸೋಫಾದ ಮೇಲೆ ಬೇರೆಯವರ ತಂಗಿಯರ ಸಾಮಾನು ಗುಡ್ಡೆಯಾಯಿತು.

"ಇನ್ನು ನಂಗೆ ಹೇಳೋಕೆ ಶಕ್ತಿ ಇಲ್ಲ ಕಣೇ," ಎಂದರು ಶ್ಯಾಮಸುಂದರ್, ಆರನೆಯ ಪಾಯಸದ ನಂತರ. "ಹೋಗೋದೇ ಸುಲಭ ಅನ್ಸುತ್ತೆ."

"ಕೂತ್ಕೊಳ್ಳಿ ಸುಮ್ನೆ," ಎಂದರು ಸ್ಪಂದನಾ. ಅವರ ದನಿ ಎಂದಿನಂತಿರಲಿಲ್ಲ. "ನಾಳೆ ಮೊದಲು ಆ ಬೋರ್ಡು ತೆಗೆಸಿ. ನಾನು ಈ ಮನೆ ಬಿಟ್ಟು ಎಲ್ಲಿಗೂ ಬರಲ್ಲ."

ಬೋರ್ಡು ತೆಗೆಸುವ ಮೊದಲೇ ಬಾಗಿಲು ಬಡಿಯಿತು. ಅಬು ಕರೀಮ್, ಅವನ ಹಿಂದೆ ಟೇಪು ಹಿಡಿದ ಒಬ್ಬ ಗಂಡಸು, ಅವನ ಹೆಂಡತಿ. ಮೂವರೂ ಒಳಗೆ ಬಂದು ಕಿಟಕಿಯ ಪರದೆ ಅಳೆಯತೊಡಗಿದರು. ಆ ಹೆಂಗಸು ಅಡುಗೆಮನೆಗೆ ಹೋಗಿ, ಸ್ಪಂದನಾ ನಿಲ್ಲುವ ಜಾಗದಲ್ಲೇ ನಿಂತು ಸಮುದ್ರ ನೋಡಿ, ಗಂಡನನ್ನು ಕರೆದು ತೋರಿಸಿದಳು. ಸ್ಪಂದನಾ ಒಲೆ ಆರಿಸಿ ಹೊರಗೆ ಬಂದರು.

"ನಾನು ಹೋಗ್ತಿಲ್ಲ ಅಬು ಕರೀಮ್. ಸೋಫಾ ಮಾರೋಕಿಟ್ಟಿದ್ದು ಅಷ್ಟೇ," ಎಂದು ಶ್ಯಾಮಸುಂದರ್ ಅರಬ್ಬಿ, ಹಿಂದಿ, ಕೈಸನ್ನೆ ಮೂರರಲ್ಲೂ ಹೇಳಿದರು.

"ಹೋಗದವನು ಸೋಫಾ ನನಗೆ ಕೊಡುತ್ತಾನೆ," ಎಂದ ಅಬು ಕರೀಮ್. ವಾದದಲ್ಲಿ ಎಲ್ಲೂ ತೂತಿರಲಿಲ್ಲ. "ಖಲಾಸ್ ಅಂದವನೂ ನೀನೇ. ಇರುತ್ತೀಯಾದರೆ ಕಂಪನಿಯಿಂದ ಕಾಗದ ತಾ. ಗುರುವಾರದೊಳಗೆ."

ಕಂಪನಿಯಲ್ಲಿ ಕಾಗದ ಕೊಡುವವಳು ಸಮೀಹಾ, ಉಳ್ಳಾಲದ ಕಡೆಯ ಹುಡುಗಿ. ಇವರನ್ನು ಕಂಡೊಡನೆ ಒಂದು ಕಡತ ಎತ್ತಿಟ್ಟಳು. "ಬನ್ನಿ ಸರ್, ನಾನೇ ಕರಿಬೇಕು ಅಂತಿದ್ದೆ. ಪ್ರೀತಮ್ ಸರ್ ಹೇಳಿದ್ರು. ರಾಜೀನಾಮೆ ತಂದಿದ್ದೀರಾ?"

"ನಾನು ರಾಜೀನಾಮೆ ಕೊಡ್ತಿಲ್ಲಮ್ಮ. ನಾನು ಇಲ್ಲೇ ಇರ್ತೀನಿ ಅಂತ ಒಂದು ಲೆಟರ್ ಬೇಕು."

ಸಮೀಹಾ ಕಂಪ್ಯೂಟರಿನಲ್ಲಿ ಹುಡುಕಿದಳು. ತುಂಬಾ ಹೊತ್ತು ಹುಡುಕಿದಳು. "ಹೋಗುವವರಿಗೆ ಏಳು ಫಾರಂ ಉಂಟು ಸರ್. ಇರುವವರಿಗೆ ಯಾವುದೂ ಇಲ್ಲ."

"ಬಿಳಿ ಹಾಳೆ ಮೇಲೆ ಬರೆದುಕೊಟ್ರೂ ಸಾಕು."

"ಹಾಗೆ ಕೊಟ್ರೆ ನಾಳೆ ಎಲ್ಲರೂ ಬಂದು ಕೇಳ್ತಾರೆ. ಅಷ್ಟು ಗ್ಯಾರಂಟಿ ಇಲ್ಲಿ ಯಾರಿಗೆ ಉಂಟು ಹೇಳಿ, ನನಗೇ ಇಲ್ಲ," ಎಂದು ಕಡತ ಮುಚ್ಚಿದಳು. ಆಮೇಲೆ ಪಾಪ ಅನಿಸಿತೋ ಏನೋ, "ಶುಕ್ರವಾರ ನಿಮ್ಮ ಬೀಳ್ಕೊಡುಗೆಗೆ ಬರ್ತೇನೆ ಸರ್," ಎಂದಳು.

ಶುಕ್ರವಾರ ಬೀಳ್ಕೊಡುಗೆ ಇದೆ ಎಂಬುದು ಶ್ಯಾಮಸುಂದರರಿಗೆ ತಿಳಿದದ್ದು ಹೀಗೆ.

ಸಂಜೆ ಬಕಾಲಾದ ಮುಂದೆ ಭಾಯಿ ಕಾದಿದ್ದರು. "ಸಾರ್, ನಿಮ್ಮದು ಯಾವ ಫ್ಲೈಟು? ಶನಿವಾರದ ಮಂಗಳೂರಿನದ್ದಾ? ಒಟ್ಟಿಗೆ ಆದ್ರೆ ಒಳ್ಳೇದಿತ್ತು."

ಇನ್ನೊಬ್ಬ ತಂಗಿಯ ಪೊಟ್ಟಣ ಬಂತು ಎಂದುಕೊಂಡರು ಶ್ಯಾಮಸುಂದರ್. "ನಾನೆಲ್ಲಿಗೂ ಹೋಗ್ತಿಲ್ಲ ಭಾಯಿ. ಎಷ್ಟು ಸಲ ಹೇಳೋದು," ಎಂದರು ಗಡುಸಾಗಿ. ಹನ್ನೆರಡು ವರ್ಷದಲ್ಲಿ ಆ ಮನುಷ್ಯನ ಜೊತೆ ಹಾಗೆ ಮಾತಾಡಿದ್ದು ಅದೇ ಮೊದಲು.

"ಓ, ಹೌದಾ?" ಎಂದರು ಭಾಯಿ. ಇಡೀ ಕುವೈತಿನಲ್ಲಿ ಇವರ ಮಾತನ್ನು ಒಂದೇ ಸಲಕ್ಕೆ ನಂಬಿದವರು ಅವರೊಬ್ಬರೇ. ಮುಖ ಮಾತ್ರ ಸ್ವಲ್ಪ ಇಳಿಯಿತು. "ಇರಿ ಸಾರ್, ಇರಿ. ಅದೇ ಒಳ್ಳೇದು."

ಗುರುವಾರ ಬಂತು, ಕಾಗದ ಬರಲಿಲ್ಲ. ಶ್ಯಾಮಸುಂದರ್ ಕೆಲಸ ಮುಗಿಸಿ ಮೊಸರು ತರಲು ಬಕಾಲಾಕ್ಕೆ ಹೋದರೆ ಅಬು ಕರೀಮ್ ಅಲ್ಲೇ ಚಹಾ ಕುಡಿಯುತ್ತಾ ಕೂತಿದ್ದ. "ಯಾ ಶ್ಯಾಮ್, ಕಾಗದ? ಇಲ್ಲವಾದರೆ ಕೀ," ಎಂದು ಕೈ ನೀಡಿದ.

ಶ್ಯಾಮಸುಂದರ್ ವಾದ ಮಾಡಲಿಲ್ಲ. ನೀರಿನ ಬಾಟಲಿಯ ಕ್ರೇಟಿನ ಮೇಲೆ ಕೂತುಬಿಟ್ಟರು. ಹದಿಮೂರು ದಿನ ಒಂದೇ ಮಾತನ್ನು ಹೇಳಿ ಹೇಳಿ ಅದು ಅವರಿಗೇ ಸುಳ್ಳೆನಿಸತೊಡಗಿತ್ತು. ಕೀಗೊಂಚಲು ಜೇಬಿನಿಂದ ತೆಗೆದು ನೋಡಿದರು. ಕೊಟ್ಟರೆ ಮಲಗಬಹುದು ಎನಿಸಿತು.

"ಅವರು ಹೋಗುವುದಿಲ್ಲ ಅಬು ಕರೀಮ್," ಎಂದರು ಭಾಯಿ, ಮೊಸರಿನ ಡಬ್ಬ ಚೀಲಕ್ಕೆ ಹಾಕುತ್ತಾ, ಅರಬ್ಬಿಯಲ್ಲಿ.

"ನಿನಗೆ ಹೇಗೆ ಗೊತ್ತು?"

"ಹೋಗುವವರು ಕೊನೆ ವಾರ ಸಣ್ಣ ಡಬ್ಬ ಮೊಸರು ಕೊಳ್ಳುತ್ತಾರೆ. ಇವರು ಇವತ್ತೂ ದೊಡ್ಡದೇ ಕೇಳಿದ್ದು."

"ಮತ್ತೆ ಪೆಟ್ಟಿಗೆ? ಆರು ಪೆಟ್ಟಿಗೆ ನಾನೇ ಎಣಿಸಿದ್ದೇನೆ."

"ಪೆಟ್ಟಿಗೆ ನನ್ನದು. ಶನಿವಾರ ಹೋಗುವವನು ನಾನು."

ಅಬು ಕರೀಮ್ ಚಹಾದ ಲೋಟ ಕೆಳಗಿಟ್ಟ. ನೀಡಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ಮರೆತಿದ್ದ. ಇಪ್ಪತ್ತೆರಡು ವರ್ಷ ಅವನು ಇದೇ ಸ್ಟೂಲಿನ ಮೇಲೆ ಚಹಾ ಕುಡಿದಿದ್ದ.

ಕಫೀಲ್, ಅಂದರೆ ವೀಸಾ ಕೊಟ್ಟ ಕುವೈತಿ ಮಾಲೀಕ, ಅಂಗಡಿ ಮಾರಿದ್ದಾನೆ, ಕೊಂಡವರು ದೊಡ್ಡ ಸೂಪರ್‌ಮಾರ್ಕೆಟ್ಟಿನವರು, ಅವರಿಗೆ ಮುದುಕರು ಬೇಡ, ಇಕಾಮಾ ಈ ತಿಂಗಳಿಗೆ ಮುಗಿಯುತ್ತದೆ. ಭಾಯಿ ಇಷ್ಟನ್ನು ಮೊಸರಿನ ಚೀಲಕ್ಕೆ ಗಂಟು ಹಾಕುವಷ್ಟರಲ್ಲಿ ಹೇಳಿ ಮುಗಿಸಿದರು.

"ಹೇಳಬಾರದಿತ್ತಾ ಭಾಯಿ," ಎಂದರು ಶ್ಯಾಮಸುಂದರ್.

"ಹೇಳಿದ್ದೆ ಸಾರ್, ಪೆಟ್ಟಿಗೆ ಕೊಡುವಾಗ. ಆಮೇಲೆ ಎಲ್ಲರಿಗೂ ನೀವು ಹೋಗುವುದೇ ದೊಡ್ಡ ಸುದ್ದಿ ಆಯ್ತು. ನಡುವಲ್ಲಿ ನಾನು ಎಂತ ಹೇಳುವುದು?"

ಶ್ಯಾಮಸುಂದರರಿಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ. ಆ ಹೊತ್ತಿನಲ್ಲಿ ತಾವು ಹೇಳುತ್ತಿದ್ದದ್ದು ಶರಬತ್ತಿನ ವಿಷಯ ಎಂಬುದು ಚೆನ್ನಾಗಿ ನೆನಪಿತ್ತು.

ಅಬು ಕರೀಮ್ ಫೋನು ತೆಗೆದು, ಹೊಸ ಬಾಡಿಗೆದಾರನಿಗೆ ಹದಿನಾಲ್ಕನೇ ನಂಬರಿನ ಛಾವಣಿಯಿಂದ ಹಗಲೂ ರಾತ್ರಿ ನೀರು ಸೋರುತ್ತದೆ ಎಂದು ಹೇಳಿ ಇಟ್ಟ. ಹೋಗಿ ಗೇಟಿನ ಬೋರ್ಡನ್ನು ತಾನೇ ಕಿತ್ತು ತಂದು ಕಸದ ಡಬ್ಬಕ್ಕೆ ಹಾಕಿದ. ಶ್ಯಾಮಸುಂದರರ ಕಡೆ ಒಮ್ಮೆಯೂ ನೋಡಲಿಲ್ಲ.

ಉಳಿದವನು ಪ್ರೀತಮ್. ಶ್ಯಾಮಸುಂದರ್ ಮೇಲೆ ಹೋಗಿ ಫೋನಿನಲ್ಲಿ ಎಲ್ಲವನ್ನೂ ವಿವರಿಸಿದರು.

"ಅಂದ್ರೆ ನೀವು ನಿಜವಾಗ್ಲೂ ಹೋಗ್ತಿಲ್ಲ," ಎಂದ ಪ್ರೀತಮ್. ಆ ದನಿಯಲ್ಲಿ ದ್ರೋಹಕ್ಕೊಳಗಾದವನ ನೋವಿತ್ತು. "ಅಬ್ಬಾಸಿಯಾದಲ್ಲಿ ಹಾಲ್ ಬುಕ್ ಆಗಿದೆ ಸಾರ್. ನೂರ ನಲವತ್ತು ಪ್ಲೇಟ್ ಹೇಳಿದೀನಿ. ಅಭಿನಂದನಾ ಪತ್ರ ಫ್ರೇಮ್ ಆಗಿ ಬಂದಿದೆ. ಈಗ ಯಾರಾದ್ರೂ ಒಬ್ಬರು ಹೋಗ್ಲೇಬೇಕು."

"ಒಬ್ಬರು ಹೋಗ್ತಿದಾರೆ. ಬಕಾಲಾದ ಭಾಯಿ."

ಫಿಂಟಾಸಿನಲ್ಲಿ ಅವರ ಅಂಗಡಿಯ ಬೇಳೆ ತಿನ್ನದ ಕನ್ನಡದ ಮನೆ ಇರಲಿಲ್ಲ. "ನಮ್ಮ ಭಾಯಿನಾ?" ಎಂದ ಪ್ರೀತಮ್, ಕಾರ್ಯದರ್ಶಿಯದ್ದಲ್ಲದ ದನಿಯಲ್ಲಿ. "ಹೆಸರು ಹೇಳಿ ಸಾರ್, ಬರ್ಕೋತೀನಿ."

ಶ್ಯಾಮಸುಂದರ್ ಬಾಯಿ ತೆರೆದರು. ಹೆಸರು ಬರಲಿಲ್ಲ. ಫೋನಿನಲ್ಲಿ 'ಬಕಾಲಾ' ಎಂದಿತ್ತು. ಸ್ಪಂದನಾರ ಫೋನು ನೋಡಿದರು, 'ಬಕಾಲಾ ಕೆಳಗೆ'. ಪ್ರೀತಮ್‌ನ ಫೋನಿನಲ್ಲೂ ಅದೇ ಅಂತೆ. ಹನ್ನೆರಡು ವರ್ಷ ಹಾಲು, ಮೊಸರು, ಕರಿಬೇವು ಮೂರನೇ ಮಹಡಿಗೆ ಕಳಿಸಿದ ಮನುಷ್ಯ.

"ಅಲಿಕುಂಞಿ ಅಂಕಲ್," ಎಂದಳು ನಿಧಿ, ಹೋಮ್‌ವರ್ಕಿನಿಂದ ತಲೆಯೆತ್ತದೆ. "ಹಿಸ್ ವೈಫ್ ಈಸ್ ಕದೀಜಾ. ಡಾಟರ್ ಮುರ್ಶಿದಾ, ಶಿ ಈಸ್ ಡೂಯಿಂಗ್ ನರ್ಸಿಂಗ್." ಸ್ಕೂಲ್ ಬಸ್ಸಿಗೆ ಕಾಯುವಾಗ ಅವಳು ನಿಲ್ಲುವುದು ಅಂಗಡಿಯ ನೆರಳಿನಲ್ಲೇ. ಆಮೇಲೆ ಏನನ್ನಿಸಿತೋ, ಅಪ್ಪನ ಮುಖ ನೋಡಿ ಕನ್ನಡದಲ್ಲೇ ಹೇಳಿದಳು, "ನಾನು ಕೇಳಿದ್ದೆ, ಅದಕ್ಕೇ ಗೊತ್ತು."

ಶುಕ್ರವಾರ ಮಧ್ಯಾಹ್ನ ಅಬ್ಬಾಸಿಯಾದ ಹಾಲ್ ತುಂಬಿತ್ತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಶ್ಯಾಮಸುಂದರರ ಆಳೆತ್ತರದ ಫೋಟೋ ನಗುತ್ತಿತ್ತು. ಅದನ್ನು ತೆಗೆಯಲು ಸಮಯ ಇರಲಿಲ್ಲ. ಅಲಿಕುಂಞಿಯವರು ಮೊದಲ ಸಾಲಿನಲ್ಲಿ ಅಬು ಕರೀಮ್ ಪಕ್ಕ ಕೂತಿದ್ದರು. ಕಾರ್ಯಕ್ರಮಕ್ಕೆ ನೀರಿನ ಬಾಟಲಿ ಬೇಕೆಂದು ಹೇಳಿ ಕರೆಸಲಾಗಿತ್ತು. ಅವರು ಬಾಟಲಿ ತಂದೇ ಬಿಟ್ಟಿದ್ದರು, ಐದು ಕ್ರೇಟು.

ಶ್ಯಾಮಸುಂದರ್ ಮೈಕಿನ ಮುಂದೆ ನಿಂತರು. "ಹಾಲ್ಬರ್ಗಿನಲ್ಲಿ," ಎಂದರು.

ನೂರ ನಲವತ್ತು ಜನ ಒಟ್ಟಿಗೆ ಉಸಿರು ಬಿಟ್ಟದ್ದು ಮೈಕಿನಲ್ಲೂ ಕೇಳಿಸಿತು. ಸ್ಪಂದನಾ ಕಣ್ಣು ಮುಚ್ಚಿಕೊಂಡರು.

"ಇಲ್ಲ, ಅದು ಬೇಡ," ಎಂದರು ಶ್ಯಾಮಸುಂದರ್. "ಅಲ್ಲಿನ ಕಾಫಿ ಕೊಡೋ ಹೆಂಗಸಿನ ಹೆಸರು ನನಗೆ ಎರಡನೇ ದಿನಕ್ಕೇ ಗೊತ್ತಿತ್ತು. ಇವರ ಹೆಸರು ನಿನ್ನೆ ಗೊತ್ತಾಯ್ತು. ಅಲಿಕುಂಞಿಯವರೇ, ಮೇಲೆ ಬನ್ನಿ. ಹೋಗ್ತಿರೋದು ನೀವು."

ಅಲಿಕುಂಞಿಯವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರಾದರೂ ಇದ್ದಾರೋ ಎಂದು. ಅಬು ಕರೀಮ್ ಅವರ ತೋಳು ಹಿಡಿದು ಎಬ್ಬಿಸಿದ. ಶಾಲು ಹೊದಿಸಿದರು, ಹಾರ ಹಾಕಿದರು. ಫ್ರೇಮಿನಲ್ಲಿದ್ದ ಅಭಿನಂದನಾ ಪತ್ರದಲ್ಲಿ ಶ್ಯಾಮಸುಂದರರ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿ 'ಅಲಿಕುಂಞಿ' ಎಂದು ಬಾಲ್‌ಪೆನ್ನಿನಲ್ಲಿ ಬರೆದಿತ್ತು. ಪತ್ರದಲ್ಲೇ ಅಚ್ಚಾಗಿದ್ದ ಶ್ಯಾಮಸುಂದರರ ಫೋಟೋ ಮುಚ್ಚುವಷ್ಟು ದೊಡ್ಡ ಚೀಟಿ ಸಿಕ್ಕಿರಲಿಲ್ಲ.

ಮಾತಾಡಿ ಎಂದು ಎಲ್ಲರೂ ಒತ್ತಾಯಿಸಿದರು. ಅವರು ಮೈಕನ್ನು ದೂರದಿಂದಲೇ ನೋಡುತ್ತಾ ಹೇಳಿದರು. "ಮೂವತ್ತೊಂದು ವರ್ಷ ಆಯ್ತು. ಹೋಗುವವರಿಗೆಲ್ಲ ಪೆಟ್ಟಿಗೆ ಕೊಟ್ಟದ್ದು ನಾನೇ. ಎಷ್ಟು ಮನೆಯವರು ಅಂತ ನೆನಪಿಲ್ಲ. ಯಾರ ಪೆಟ್ಟಿಗೆಯೂ ದಾರಿಯಲ್ಲಿ ಹರಿದದ್ದಿಲ್ಲ." ಆಮೇಲೆ, "ನೀರು ಎಲ್ಲರಿಗೂ ಸಿಕ್ಕಿತಾ?" ಎಂದು ಕೇಳಿ ಇಳಿದುಬಿಟ್ಟರು. ನರ್ಸಮ್ಮ ಮತ್ತೆ ಅತ್ತರು. ಈ ಸಲ ಅವರ ಕಣ್ಣೀರು ಸರಿಯಾದ ವಿಳಾಸಕ್ಕೇ ಹೋಯಿತು.

ಶನಿವಾರ ಶ್ಯಾಮಸುಂದರ್ ಆರು ಪೆಟ್ಟಿಗೆಗಳನ್ನೂ ಕೆಳಗೆ ತಂದರು. ಸಾಮಾನು ತುಂಬಿ, ಟೇಪು ಸುತ್ತಿ, ಹಗ್ಗ ಕಟ್ಟಿದ್ದು ಅವರೂ ಅಬು ಕರೀಮೂ. ಪಂಪಿನ ಕೆಲಸದವರ ಗಂಟು, ಬಿಚ್ಚುವುದು ಕಷ್ಟ. ಎಲ್ಲರ ತಂಗಿಯರ ಪೊಟ್ಟಣಗಳನ್ನೂ ತೆಗೆದುಕೊಂಡು ಹೋಗುತ್ತೇನೆಂದು ಅಲಿಕುಂಞಿಯವರು ಹಟ ಹಿಡಿದರು; ಸ್ಪಂದನಾ ಬಿಡಲಿಲ್ಲ. ಸೋಫಾ ಅಬು ಕರೀಮ್ ಕೋಣೆ ಸೇರಿತು. ಅವನು ಎಡಗಡೆ ಕೂತು, ಪಾತಾಳಕ್ಕಿಳಿದು, ಶ್ಯಾಮಸುಂದರರನ್ನು ಕ್ಷಮಿಸಿದ.

ಸೋಮವಾರ ಸಂಜೆ ಐದೂವರೆಗೆ, ಶ್ಯಾಮಸುಂದರ್ ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಪಕ್ಕ ನಿಂತು ಕಾಫಿ ಕುಡಿಯುತ್ತಿದ್ದಾಗ ಊರಿನ ನಂಬರಿನಿಂದ ಫೋನು ಬಂತು.

"ಸಾರ್, ನಾನು ಅಲಿಕುಂಞಿ. ಸುಖವಾಗಿ ಮುಟ್ಟಿದೆ. ಪೆಟ್ಟಿಗೆ ಒಂದೂ ಹರಿದಿಲ್ಲ. ಆದ್ರೆ ಮನೆಯಲ್ಲಿ ಒಂದು ಗಲಾಟೆ ಆಗಿದೆ."

"ಏನಾಯ್ತು?"

"ಆ ಚೀಟಿ ದಾರಿಯಲ್ಲಿ ಬಿದ್ದುಹೋಗಿದೆ ಸಾರ್. ಕದೀಜಾ ಕೇಳ್ತಾಳೆ, ಆರು ಪೆಟ್ಟಿಗೆ ಮೇಲೂ ಶ್ಯಾಮಸುಂದರ್, ಫ್ರೇಮಿನಲ್ಲಿ ಶ್ಯಾಮಸುಂದರ್, ಫೋಟೋ ಅವರದ್ದೇ. ಮೂವತ್ತೊಂದು ವರ್ಷ ಕುವೈತಿನಲ್ಲಿ ದುಡಿದದ್ದು ನೀವಾ, ಅವರಾ ಅಂತ."

ಆ ಕಡೆ ಹೆಂಗಸರು ನಗುವುದು ಕೇಳಿಸುತ್ತಿತ್ತು. ಶ್ಯಾಮಸುಂದರರಿಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. "ನೀವು ಅಂತ ಹೇಳಿ ಅಲಿಕುಂಞಿಯವರೇ. ಬೇಕಾದ್ರೆ ಫೋನ್ ಕೊಡಿ, ನಾನೇ ಹೇಳ್ತೀನಿ."

"ಬೇಡ ಸಾರ್, ತಮಾಷೆಗೆ." ಆಮೇಲೆ ಕೇಳಿದರು. "ನೀವು ಅಲ್ಲೇ ಇದ್ದೀರಲ್ಲ?"

"ಇದ್ದೀನಿ."

"ಇರಿ ಸಾರ್, ಇರಿ," ಎಂದರು ಅಲಿಕುಂಞಿ. "ಗುರುತಿನವರು ಒಬ್ಬರಾದ್ರೂ ಇರ್ಲಿ ಅಲ್ಲಿ."